ಎತ್ತಿನ ದೇವಡಿಯ ಸೊನ್ನೆ

ನನ್ನ ಸ್ವಯಂ ನಿವೃತ್ತಿಯ ಆದೇಶದಲ್ಲಿ ‘ಕಾರಣ’ ಎಂಬಲ್ಲಿ ‘ವೈಯಕ್ತಿಕ’ ಎಂದು ಬರೆದಿದೆ. ಅದನ್ನು ಬರೆದವಳು ನಾನಲ್ಲ. ನಾನು ಬರೆದದ್ದು ಒಂದೂವರೆ ಪುಟ. ಕಚೇರಿ ಅದನ್ನು ಎರಡು ಸಲ ತಿರುಗಿಸಿ ಕಳಿಸಿತು. ಮೂರನೆಯ ಸಲ ಯಾರೋ ಆ ಹಾಳೆಯನ್ನೇ ಕಡತದಿಂದ ತೆಗೆದು, ತಾವೇ ಒಂದು ಪದ ತುಂಬಿ, ಮುದ್ರೆ ಒತ್ತಿದರು.

ನಲವತ್ತೆರಡನೆಯ ವಯಸ್ಸಿಗೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವಳನ್ನು ಕಂಡು ನಾರಾಯಣಪೇಟೆಯ ನಮ್ಮ ಓಣಿಯವರು, “ಮೈಯಾಗ ಆರಾಮಿಲ್ಲೇನ್ರಿ?” ಎಂದು ಕೇಳುತ್ತಾರೆ. ಆರಾಮಾಗಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ.

ಹೋದ ತಿಂಗಳು ಇಬ್ಬರು ಹುಡುಗಿಯರು ಮನೆಗೆ ಬಂದರು. ಒಬ್ಬಳು ದಾಮರಗಿದ್ದದವಳು, ಇನ್ನೊಬ್ಬಳು ನಮ್ಮದೇ ಓಣಿಯ ನೇಕಾರರ ಮಗಳು. ನಾನು ಬಿಟ್ಟ ಕೆಲಸಕ್ಕೇ ಇಬ್ಬರೂ ಆಯ್ಕೆಯಾಗಿದ್ದಾರೆ. ಹಳೆಯ ಕಟ್ಟಡಗಳನ್ನು ಹುಡುಕಿ, ಅಳೆದು, ಪಟ್ಟಿಗೆ ಸೇರಿಸುವ ಕೆಲಸ ಅದು. ದಾಮರಗಿದ್ದದ ಹುಡುಗಿ ಚಹಾದ ಲೋಟ ಕೆಳಗಿಡುವ ಮೊದಲೇ ಕೇಳಿದಳು: “ಅಕ್ಕಾ, ಪ್ರಮೋಷನ್ ಎಷ್ಟು ವರ್ಷಕ್ಕ ಬರ್ತದ್ರಿ?”

“ಅದನ್ನ ಕಚೇರ್ಯಾಗ ಕೇಳವ್ವ. ನನ್ನ ಹತ್ರ ತಪ್ಪು ಹೆಂಗ ಮಾಡಬೇಕು ಅನ್ನೋದೊಂದೇ ಅದ” ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಅವರಿಗೆ ಬಾಯಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಇಪ್ಪತ್ತು ಡೈರಿಗಳಿವೆ, ವರ್ಷಕ್ಕೊಂದರಂತೆ. ನಮ್ಮದು ಗಡಿಯ ತೆಲುಗು ಸೀಮೆ; ಕಚೇರಿಯ ಕಾಗದವೆಲ್ಲ ತೆಲುಗು, ಇಂಗ್ಲಿಷು. ಡೈರಿ ಮಾತ್ರ ಮನೆಯ ಕನ್ನಡ. ಎಷ್ಟು ಗಂಟೆಗೆ ಬಸ್ಸು ಹತ್ತಿದೆ, ಎಷ್ಟು ಬಾಗಿಲು ಎಣಿಸಿದೆ, ಯಾರು ಬೈದರು, ಎಲ್ಲ ಇದೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಈ ಮೂರು ಕಡೆ ಸೇರಿ ಆರುನೂರ ಮೂವತ್ತೆಂಟು ಕಟ್ಟಡಗಳು. ಈ ಎಣಿಕೆಯ ಹುಚ್ಚು ಅಪ್ಪನಿಂದ ಬಂದದ್ದು. ಮಗ್ಗದ ಹಾಸಿನ ಎಳೆ ಒಂದು ತಪ್ಪಿದರೂ ಅವರು ಊಟಕ್ಕೆ ಏಳುತ್ತಿರಲಿಲ್ಲ.

ಮೊದಲನೆಯ ಡೈರಿಯ ಮೊದಲ ತಪ್ಪು ಗದ್ವಾಲದ್ದು. ನೇಕಾರರ ಹಳೆಯ ಮನೆಯೊಂದನ್ನು ಅಳೆಯಲು ಕಳಿಸಿದ್ದರು. ಎರಡು ದಿನ ಕೂತು ಕಂಬ, ತೊಲೆ, ಗೂಡು, ಬೆಳಕಿಂಡಿ ಎಲ್ಲ ಬರೆದುಕೊಂಡೆ. ನಡುಮನೆಯ ನೆಲದಲ್ಲಿ ಎರಡು ಗುಂಡಿಗಳಿದ್ದವು. ‘ನೆಲದಲ್ಲಿ ಗುಂಡಿ, ಎರಡು. ಮುಚ್ಚಿ ಸರಿಪಡಿಸುವುದು’ ಎಂದು ನಮೂದಿಸಿದೆ. ಕಚೇರಿಯ ಭಾಷೆ ಆಗಷ್ಟೇ ಕಲಿತ ಹುಮ್ಮಸ್ಸು.

ನಮ್ಮ ಆಗಿನ ಸಾಹೇಬರು ಶಂಕರಪ್ಪನವರು. ಉಬ್ಬಸದ ಮನುಷ್ಯ. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದರು. ಆ ಮೂರೂ ಕಡೆ ಗೋಡೆ ನೋಡುತ್ತಿದ್ದರು. ನನ್ನ ಹಾಳೆ ಓದಿ ಕನ್ನಡಕ ತೆಗೆದರು.

“ನಿಮ್ಮಪ್ಪ ಏನ್ ಮಾಡ್ತಾರ ತಂಗಿ?”

“ಮಗ್ಗ ನೇಯ್ತಾರ್ರೀ ಸರ್.”

“ಕಾಲು ಎಲ್ಲಿ ಇಡ್ತಾರ?”

ನನಗೆ ಆಗ ಹೊಳೆಯಿತು. ಅದು ಮಗ್ಗದ ಗುಂಡಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಜಾಗ. ಮಗ್ಗ ಕಿತ್ತು ಮೂಲೆಗೆ ಒರಗಿಸಿದ್ದರಿಂದ ಗುಂಡಿಯಷ್ಟೇ ಕಂಡಿತ್ತು. ಅಂಥ ಗುಂಡಿಯ ಅಂಚಿನಲ್ಲೇ ನಾನು ಅಂಬೆಗಾಲಿಟ್ಟವಳು.

“ಅಪ್ಪನ್ನ ಗುಂಡ್ಯಾಗಿಂದ ಎಬ್ಬಿಸಿ ಮಣ್ಣು ಮುಚ್ಚಿಬಿಟ್ಟಿ ನೋಡು” ಎಂದರು ಶಂಕರಪ್ಪನವರು. “ಕಟ್ಟಿದ್ದು ಎಲ್ಲರಿಗೂ ಕಾಣ್ತದ. ನೀ ಸವದದ್ದು ನೋಡು. ಯಾರ ಕಾಲು, ಯಾರ ಕೈ, ಯಾರ ಬೆನ್ನು ತಾಕಿ ಸವದದ ಅಂತ ಕೇಳು. ಕೇಳಿದ ಮ್ಯಾಲೆ ಬರಿ.” ಹಾಳೆಯನ್ನು ಹರಿದು ನನ್ನ ಕೈಗೇ ಕೊಟ್ಟರು. ಇಪ್ಪತ್ತು ವರ್ಷದಲ್ಲಿ ಈ ಕೆಲಸದ ಬಗ್ಗೆ ನನಗೆ ಯಾರಾದರೂ ಹೇಳಿಕೊಟ್ಟದ್ದು ಅಷ್ಟೇ. ಉಳಿದ ತರಬೇತಿಗಳಲ್ಲಿ ಊಟ ಚೆನ್ನಾಗಿತ್ತು.

ಇನ್ನೊಂದು ತಪ್ಪು ಕೋಸಗಿ ಕಡೆಯದು. ಅಲ್ಲಿ ಒಂದು ಮನೆಯ ಬಾಗಿಲಿನ ಕೆತ್ತನೆ ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ನಾನು ಹೋದಾಗ ಬಾಗಿಲೇ ಕಾಣಲಿಲ್ಲ. ಇಡೀ ಮುಂಗೋಡೆಗೆ ಕುಳ್ಳು, ಅಂದರೆ ಸಗಣಿಯ ಬೆರಣಿ, ತಟ್ಟಿದ್ದರು. ಯಜಮಾನ ಕೈ ಮುಗಿದು, “ನಮ್ಮದು ಬರೀ ದನದ ಕೊಟ್ಟಿಗಿರೀ ಮೇಡಂ” ಎಂದ. ನನ್ನ ಜೊತೆ ಟೇಪು ಹಿಡಿಯಲು ಬರುತ್ತಿದ್ದ ಖಾಸಿಂ ಸಾಬ ಒಂದು ಕುಳ್ಳು ಮೆಲ್ಲಗೆ ಎತ್ತಿದ. ಕೆಳಗೆ ಮರದ ಗಿಳಿಯ ಮೂತಿ. “ಅರೆ, ನಿಮ್ಮ ಕೊಟ್ಟಿಗ್ಯಾಗ ಗಿಳೀನೂ ಕಟ್ಟೀರಲ್ರೀ!” ಎಂದ ಖಾಸಿಂ. ಯಜಮಾನನೂ ನಕ್ಕುಬಿಟ್ಟ. ಆಮೇಲೆ ನಿಜ ಹೇಳಿದ: “ಪಟ್ಟಿಗಿ ಬಂದದ್ದು ಮನಿಗಿ ಉಳ್ಯಂಗಿಲ್ಲ ಅಂತಾರ್ರೀ.” ಹಾಗೇನಿಲ್ಲ, ಪಟ್ಟಿ ಮಾಡುವುದೇ ಉಳಿಸಲು ಎಂದು ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಆ ಭಾಷಣ ಆರನೆಯ ಡೈರಿಯಲ್ಲಿದೆ. ಓದಲು ಈಗ ನಾಚಿಕೆಯಾಗುತ್ತದೆ.

ಶಂಕರಪ್ಪನವರು ನಿವೃತ್ತರಾದರು. ಟೇಪು ಹೋಗಿ ಲೇಸರ್ ಬಂತು. ದೊಡ್ಡ ಹಾಳೆಗಳು ಹೋಗಿ ಟ್ಯಾಬ್ ಬಂತು. ಲೇಸರಿನ ಬಗ್ಗೆ ನನ್ನ ತಕರಾರಿಲ್ಲ. ಹಾವಿರುವ ಹಾಳು ಕೋಣೆಯನ್ನು ಹೊರಗೆ ನಿಂತೇ ಅಳೆಯಬಹುದು. ಆದರೆ ಕಾಗದದ ನಮೂನೆಗೆ ಅಂಚು ಎಂಬುದೊಂದಿತ್ತು. ಕಲಮಿನ ಚೌಕದಲ್ಲಿ ಹಿಡಿಸದ್ದನ್ನು ಅಂಚಿನಲ್ಲಿ ಬರೆಯಬಹುದಿತ್ತು. ‘ಹೇಳಲೊಪ್ಪಲಿಲ್ಲ’, ‘ನಂಬಲಾಗದು’, ‘ಇನ್ನೊಮ್ಮೆ ಬರಬೇಕು’, ಇವೆಲ್ಲ ನನ್ನ ಅಂಚಿನ ಮಾತುಗಳು. ಟ್ಯಾಬಿಗೆ ಅಂಚಿಲ್ಲ. ಅಂಕಿ ಕೇಳಿದ ಕಡೆ ಅಂಕಿಯನ್ನೇ ಕೊಡಬೇಕು. ಕೊಡದಿದ್ದರೆ ಆ ಚೌಕ ಕೆಂಪಾಗುತ್ತದೆ, ಮುಂದಿನ ಪುಟ ತೆರೆಯುವುದಿಲ್ಲ.

ಈಗ ಎತ್ತಿನ ದೇವಡಿಗೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಮಕ್ತಲದಿಂದ ಕೃಷ್ಣಾ ಹೊಳೆಯ ಕಡೆ ಹೋದರೆ ಒಂದು ಮಡ್ಡಿ ಇದೆ. ಹೊಳೆ ಹತ್ತಿರವೇ ಇದ್ದರೂ ಮಡ್ಡಿಗೆ ನೀರಿನ ಸುದ್ದಿಯಿಲ್ಲ. ಕಲ್ಲು, ಉಸುಕು, ಜಾಲಿ; ಮಳೆ ಬಿದ್ದ ಎರಡು ತಿಂಗಳು ಮೊಣಕಾಲೆತ್ತರ ಹುಲ್ಲು. ಆ ಬಯಲಿನ ನಡುವೆ ಎರಡು ಅಂತಸ್ತಿನ ಕಲ್ಲಿನ ಮನೆ. ಮೊದಲ ಸಲ ಕಂಡವರಿಗೆ, ಯಾವ ಹುಚ್ಚ ಇಲ್ಲಿ ಅರಮನೆ ಕಟ್ಟಿದ ಎನ್ನಿಸುತ್ತದೆ. ಕಟ್ಟಿದವರು ರಾಜರಲ್ಲ, ದೇಶಮುಖರಲ್ಲ. ಎತ್ತಿನ ವ್ಯಾಪಾರದ ಸಾವಕಾರರು. ಹೊಳೆದಂಡೆಯ ದೊಡ್ಡ ಮೈಯ ಹೋರಿಕರುಗಳನ್ನು ತಂದು, ಈ ಮಡ್ಡಿಯ ಹುಲ್ಲು ಮೇಯಿಸಿ, ನಾಲ್ಕು ಹಲ್ಲಾಗಿ ದುಡಿಯುವ ವಯಸ್ಸಿಗೆ ಬಂದ ಮೇಲೆ ಎರೆನೆಲದ ರೈತರಿಗೆ ಮಾರುತ್ತಿದ್ದರು. ಎರೆಯಲ್ಲಿ ದೊಡ್ಡ ನೇಗಿಲು ಎಳೆಯಲು ಇಲ್ಲಿನ ಜೋಡಿಯೇ ಬೇಕಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ವ್ಯಾಪಾರ ನಿಂತಿತು. ಸಾವಕಾರರ ಮನೆಯವರು ಹೈದರಾಬಾದು ಸೇರಿದರು. ಈ ಕಡೆ ದೊಡ್ಡ ಮನೆಗೆ ದೇವಡಿ ಎನ್ನುತ್ತಾರೆ; ಊರವರ ಬಾಯಲ್ಲಿ ಅದು ಇಂದಿಗೂ ಎತ್ತಿನ ದೇವಡಿ.

ಹದಿನಾರನೆಯ ಡೈರಿ, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ. ನಾನು, ಖಾಸಿಂ. ಶಂಕರಪ್ಪನವರು ಹೇಳಿದ ಹಾಗೆ ಸವೆದದ್ದನ್ನು ನೋಡುತ್ತ ಹೋದೆ. ಹೆಬ್ಬಾಗಿಲು ಹನ್ನೆರಡು ಅಡಿ ಅಗಲ. ನೊಗ ಹೊತ್ತ ಜೋಡಿ ಪಕ್ಕಪಕ್ಕ ನಡೆದು ಬರುವಷ್ಟು. ಅದರ ಕಂಬಗಳು ಎದೆಮಟ್ಟದವರೆಗೆ ದುಂಡಗೆ, ಮೇಲೆ ಚೌಕ. ಒರಸಿಕೊಂಡು ಹೋಗುವ ಎತ್ತಿನ ಪಕ್ಕೆಗೆ ಗಾಯವಾಗದಿರಲಿ ಎಂದು ಹಾಗೆ ಕೆತ್ತಿಸಿದ್ದರು. ದುಂಡನೆಯ ಭಾಗ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಒಳಗೆ ಉದ್ದನೆಯ ಕಟ್ಟೆ, ಅದರ ಮುಂದೆ ತಗ್ಗಿನ ದಾರಿ. ಕೊಳ್ಳುವವರು ಕಟ್ಟೆಯ ಮೇಲೆ ಕೂತರೆ ಕೆಳಗೆ ನಡೆವ ಎತ್ತಿನ ಬೆನ್ನು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬೆನ್ನಿನ ಸುಳಿ ನೋಡಲು ಎದ್ದು ನಿಲ್ಲುವ ಕೆಲಸವಿಲ್ಲ. ಇಡೀ ದೇವಡಿಯನ್ನು ಎತ್ತಿನ ಅಳತೆಯಲ್ಲಿ ಕಟ್ಟಿದ್ದರು. ಮನುಷ್ಯರು ಅದರಲ್ಲಿ ಸಂದು ಸಿಕ್ಕಲ್ಲಿ ಇದ್ದರು.

ಮನೆಯ ಹಿಂದೆ ದೊಡ್ಡಿ. ನೂರಾ ಹತ್ತು ಅಡಿ ಉದ್ದ, ಎಂಬತ್ತು ಅಡಿ ಅಗಲ, ಆಳೆತ್ತರದ ಕಲ್ಲುಗೋಡೆ, ನಲವತ್ತೆರಡು ಕಲ್ಲಿನ ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ದೊಡ್ಡಿಗೆ ಹೋಗಲು ಒಂದೇ ದಾರಿ, ಎರಡು ಗೋಡೆಗಳ ನಡುವಿನ ಸಂದಿ. ಒಂದು ಸಲಕ್ಕೆ ಒಂದೇ ದನ ಹಾಯಬಹುದು. ಸಂದಿಯ ಬಾಯಲ್ಲಿ ಗೋಡೆಗೆ ಒಂದು ಗೂಡು, ಗೂಡಿನಲ್ಲಿ ಎರಡು ಮಣ್ಣಿನ ಕುಡಿಕೆ. ಒಂದು ಖಾಲಿ, ಇನ್ನೊಂದರಲ್ಲಿ ಹೊಳೆಯ ಹಳ್ಳು, ಅಂದರೆ ನುಣುಪಾದ ಸಣ್ಣ ಕಲ್ಲುಗಳು.

ಕುಡಿಕೆಗೆ ಕೈ ಹಾಕಿದವಳನ್ನು ಹಿಂದಿನಿಂದ ಒಂದು ಧ್ವನಿ ತಡೆಯಿತು. “ಮುಟ್ಟಬ್ಯಾಡ ತಂಗಿ. ಸಂಜಿಗಿ ಲೆಕ್ಕ ತಪ್ಪುತದ.”

ಹನುಮವ್ವ. ಎಪ್ಪತ್ತರ ಮೇಲಿನ ವಯಸ್ಸು, ಬಿಗಿಯಾಗಿ ಸುತ್ತಿದ ಹಸಿರು ಸೀರೆ. ಅವಳ ಗಂಡನ ಮನೆತನದವರು ನಾಲ್ಕು ತಲೆಮಾರಿನಿಂದ ದೇವಡಿಯ ದನ ಕಾದವರು. ಸಾವಕಾರರು ಊರು ಬಿಡುವಾಗ ಮಾರಾಟವಾಗದೆ ಉಳಿದ ಹಸು, ಹೋರಿಗಳನ್ನು ಇವರಿಗೇ ಬಿಟ್ಟುಹೋಗಿದ್ದರು. ಆ ತಳಿಯನ್ನು ಅವಳು, ಮಗ, ಸೊಸೆ ಕಾಪಾಡಿಕೊಂಡಿದ್ದರು. ಕಟ್ಟುವುದು ಅದೇ ದೊಡ್ಡಿಯಲ್ಲಿ. ಆ ಹೊತ್ತಿಗೆ ಮಗ ದನಗಳನ್ನು ಮಡ್ಡಿಗೆ ಹೊಡೆದುಕೊಂಡು ಹೋಗಿದ್ದ. ದೊಡ್ಡಿ ಖಾಲಿ ಇತ್ತು.

ಕುಡಿಕೆಗಳ ಕೆಲಸವನ್ನು ಅವಳೇ ವಿವರಿಸಿದಳು. ಬೆಳಿಗ್ಗೆ ಒಂದೊಂದು ದನ ಸಂದಿ ದಾಟಿ ಹೊರಗೆ ಹೋದ ಹಾಗೆ ಒಂದೊಂದು ಹಳ್ಳನ್ನು ಈ ಕುಡಿಕೆಯಿಂದ ಆ ಕುಡಿಕೆಗೆ ಹಾಕುವುದು. ಸಂಜೆ ಒಂದೊಂದು ಒಳಗೆ ಬಂದಾಗ ತಿರುಗಿ ಇದಕ್ಕೆ. ಹಳ್ಳು ಉಳಿದರೆ ದನ ಒಂದು ಮಡ್ಡಿಯಲ್ಲೇ ಉಳಿದಿದೆ ಎಂದು ಅರ್ಥ. ಕರು ಹುಟ್ಟಿದರೆ ಹೊಳೆಯಿಂದ ಹೊಸ ಹಳ್ಳು ತರಬೇಕು. ದನ ಸತ್ತರೆ ಅದರ ಹಳ್ಳನ್ನು ಹೊಳೆಗೇ ಬಿಡಬೇಕು. ಎಣಿಕೆಯೇ ಇಲ್ಲದ ಲೆಕ್ಕ. ನಾನು ಕಂಡ ಲೆಕ್ಕಗಳಲ್ಲಿ ಅಷ್ಟು ಖಚಿತವಾದದ್ದು ಇನ್ನೊಂದಿಲ್ಲ.

ಟ್ಯಾಬಿನಲ್ಲಿ ‘ಈಗಿರುವ ಜಾನುವಾರುಗಳ ಸಂಖ್ಯೆ’ ಎಂಬ ಕಲಮು ಬಂತು.

“ಎಷ್ಟು ದನ ಅವಬೇ?”

“ಅವ ನೋಡವ್ವ, ದೇವ್ರು ಕೊಟ್ಟಷ್ಟು.”

“ಅಂದ್ರ ಎಷ್ಟು? ಇಪ್ಪತ್ತು? ಮೂವತ್ತು?”

“ಅವುಗಳ ಹೆಸರು ಕೇಳು, ಹೇಳ್ತೀನಿ. ಯಾವುದು ಯಾವುದರ ಮಗಳು ಕೇಳು, ಹೇಳ್ತೀನಿ. ಅದೊಂದು ಕೇಳಬ್ಯಾಡ. ಬಾಯಿಲೆ ಎಣಿಸಿದ್ದು ಕಡಿಮಿ ಆಗ್ತದ. ನಿಮ್ಮ ಮನ್ಯಾಗ ಕೂಸುಗಳ್ನ ಎಣಸ್ತೀರೇನು?”

ಎಣಿಸುವುದಿಲ್ಲ. ನಮ್ಮ ಅಜ್ಜಿ ಊಟಕ್ಕೆ ಕೂತ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದಳೇ ಹೊರತು, ಒಂದು ಎರಡು ಎಂದವಳಲ್ಲ. ಯಾರಾದರೂ ಎಣಿಸಿದರೆ ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪಿದು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಸಂಜೆವರೆಗೆ ಕಾದಿದ್ದರೆ ದನಗಳನ್ನು ನಾನೇ ನೋಡಬಹುದಿತ್ತು. ಆ ದಿನ ಇನ್ನೂ ನಾಲ್ಕು ಮನೆಗಳಿದ್ದವು. ಬ್ಯಾಟರಿ ಕೆಳಗಿಳಿದಿತ್ತು. ಕಲಮು ಕೆಂಪಾಗಿ ನಿಂತಿತ್ತು.

“ಸೊನ್ನಿ ಹಾಕ್ತೀನಿ ಖಾಸಿಂ, ಮುಂದಿನ ಪುಟ ತೆರೀಲಿ. ಆಮ್ಯಾಲೆ ತಿದ್ದಿದರಾತು.”

“ಬ್ಯಾಡ್ರೀ ಅಮ್ಮಾ” ಎಂದ ಖಾಸಿಂ. “ಗೊತ್ತಿಲ್ಲ ಅನ್ನೋದು ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ. ಮುದುಕಿ ಅದಾವ ಅಂತಾಳ, ನೀವು ಇಲ್ಲ ಅಂತ ಬರದಂಗ ಆಗ್ತದ.”

ಏಳನೆಯ ತರಗತಿವರೆಗೆ ಓದಿದ ಖಾಸಿಂಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಸೊನ್ನೆ ಹಾಕಿದೆ. ಪುಟ ತೆರೆಯಿತು. ಮುಂದಿನ ಕಲಮು ‘ಹಿಂಬದಿಯ ಜಾಗದ ಬಳಕೆ’. ಹಿಂದಿನ ಕಲಮಿನಲ್ಲಿ ಸೊನ್ನೆ ಕಂಡ ಟ್ಯಾಬು ತಾನಾಗಿಯೇ ‘ಬಳಕೆಯಿಲ್ಲದ ಖಾಲಿ ಜಾಗ’ ಎಂದು ತುಂಬಿಕೊಂಡಿತು. ನಾನು ಅದನ್ನು ನೋಡಲೂ ಇಲ್ಲ. ಕಳಿಸು ಎಂಬ ಗುಂಡಿ ಒತ್ತಿದೆ.

ಆಮೇಲೆ ತಿದ್ದಲಿಲ್ಲ. ‘ಆಮೇಲೆ’ ಎಂಬ ದಿನ ಯಾವ ಡೈರಿಯಲ್ಲೂ ಇಲ್ಲ.

ಮೂರು ವರ್ಷ ಕಳೆದವು. ಹತ್ತೊಂಬತ್ತನೆಯ ಡೈರಿಯ ಹೊತ್ತಿಗೆ ದೇವಡಿಯನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತೆರೆಯುವ ಯೋಜನೆ ಬಂತು. ಆಗ ನಮಗೆ ಹೊಸ ಸಾಹೇಬರು. ಅವರ ಹೆಸರು ಬೇಡ. ಸದಾ ಇಸ್ತ್ರಿಯ ಅಂಗಿ, ನಯವಾದ ಮಾತು. ಮೊದಲ ಸಭೆಯಲ್ಲೇ ಅವರು ಬಣ್ಣದ ಪತ್ರಿಕೆಯೊಂದನ್ನು ಹಂಚಿದರು. ನಾನು ಅಳೆದ ಹೆಬ್ಬಾಗಿಲಿನ ಚಿತ್ರದ ಕೆಳಗೆ ‘ಆನೆ ಬಾಗಿಲು’ ಎಂದಿತ್ತು. ದುಂಡು ಕಂಬಗಳಿಗೆ ‘ಅಪರೂಪದ ರಾಜಶೈಲಿ’. ಎತ್ತಿನ ಬೆನ್ನು ನೋಡುವ ಕಟ್ಟೆಗೆ ‘ನೃತ್ಯ ವೀಕ್ಷಣೆಯ ಜಗಲಿ’.

“ಸರ್, ಇಲ್ಲಿ ಆನೆ ಇರಲಿಲ್ಲ” ಎಂದೆ. “ಎತ್ತಿನ ವ್ಯಾಪಾರದವರ ಮನೆ ಅದು. ನನ್ನ ವರದಿಯಲ್ಲಿದೆ.”

ಅವರು ತೆಲುಗಿನಲ್ಲಿ, ನಗುತ್ತಲೇ ಉತ್ತರಿಸಿದರು. ದನದ ವ್ಯಾಪಾರಿಯ ಮನೆ ನೋಡಲು ಹೈದರಾಬಾದಿನಿಂದ ಯಾರು ಬರುತ್ತಾರಮ್ಮ?

ಹಿಂದೆ ನಿಂತಿದ್ದ ಖಾಸಿಂ ನನ್ನ ಕಿವಿಯ ಹತ್ತಿರ ಹೇಳಿದ: “ಆನಿ ಈ ಮಡ್ಡಿಗಿ ಬಂದ್ರ ನೀರಿಲ್ದ ಮೊದಲು ನಮ್ಮನ್ನೇ ಕುಡೀತದ್ರಿ.”

ನಗೆ ಅಲ್ಲಿಗೇ ನಿಂತಿತು. ನಕ್ಷೆಯಲ್ಲಿ ದೊಡ್ಡಿಯ ಜಾಗದಲ್ಲಿ ‘ವಾಹನ ನಿಲುಗಡೆ’ ಎಂದು ಬರೆದಿತ್ತು. ನಮ್ಮ ಕಚೇರಿಯ ನಿಯಮ ಸ್ಪಷ್ಟವಾಗಿತ್ತು: ಹಳೆಯ ಕಟ್ಟಡದ ಯಾವ ಭಾಗ ಕಟ್ಟಿದ ಉದ್ದೇಶಕ್ಕೇ ಇನ್ನೂ ಬಳಕೆಯಲ್ಲಿದೆಯೋ ಅದನ್ನು ಮುಟ್ಟುವಂತಿಲ್ಲ, ಬಳಸುವವರನ್ನು ಎಬ್ಬಿಸುವಂತಿಲ್ಲ. ದೊಡ್ಡಿಯ ಬಳಕೆ ಏನು? ಸಾಹೇಬರು ಪರದೆಯ ಮೇಲೆ ನನ್ನ ನಮೂದು ತೆರೆದು ತೋರಿಸಿದರು. ಜಾನುವಾರು: ಸೊನ್ನೆ. ಬಳಕೆಯಿಲ್ಲದ ಖಾಲಿ ಜಾಗ. ಕೆಳಗೆ ನನ್ನ ಹೆಸರು.

ಅದೇ ಮಧ್ಯಾಹ್ನ ತಿದ್ದುಪಡಿಗೆ ಬರೆದುಕೊಟ್ಟೆ. ಅದು ನನ್ನ ತಪ್ಪು, ದನಗಳಿವೆ, ಬಂದು ನೋಡಿ ಎಂದು. ಉತ್ತರವಿಲ್ಲ. ಇನ್ನೊಮ್ಮೆ ಬರೆದೆ. ಒಟ್ಟು ಏಳು ಅರ್ಜಿ. ಏಳನೆಯದಕ್ಕೆ, ಆಕ್ಷೇಪವಿದ್ದವರು ಮಕ್ತಲದ ಕಚೇರಿಗೆ ಬಂದು ಹೇಳಿಕೊಳ್ಳಬಹುದು ಎಂಬ ಪತ್ರ ಬಂತು.

ನಾನೇ ಹೋಗಿ ಹನುಮವ್ವನಿಗೆ ತಿಳಿಸಿದೆ. ಸೊನ್ನೆ ಹಾಕಿದವಳು ನಾನೇ ಎಂದೂ ಹೇಳಿದೆ.

“ಇದ್ದದ್ದು ಇಲ್ಲ ಅಂತ ಬರದ್ಯಾ?”

“ಹೂಂನಬೇ.”

“ಸತ್ತಾವ ಅಂತ ಬರದಿದ್ರೂ ಛಲೋ ಇತ್ತು. ಹುಟ್ಟೇ ಇಲ್ಲ ಅಂದಂಗಾತಲ್ಲೇ, ಯವ್ವಾ.”

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಸೊಸೆಯ ಜೊತೆ ಕಚೇರಿಗೆ ಬಂದಳು. ಸೆರಗಿನಲ್ಲಿ ಏನೋ ಗಂಟು. ಸಾಹೇಬರು ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಅವರ ಮರ್ಯಾದೆಯಲ್ಲಿ ಎಂದೂ ಕೊರತೆ ಇರಲಿಲ್ಲ. ಆಮೇಲೆ ತೆಲುಗಿನಲ್ಲಿ ಕೇಳಿದರು, ನಾನು ಅದನ್ನು ಹನುಮವ್ವನಿಗೆ ಕನ್ನಡದಲ್ಲಿ ಹೇಳಿದೆ: ದನಗಳಿವೆ ಎಂದು ಬರೀ ಮಾತಿನಲ್ಲಿ ಹೇಳಿದರೆ ಹೇಗೆ, ಎಷ್ಟಿವೆ?

ಸೊಸೆ ಅತ್ತೆಯ ತೋಳು ಹಿಡಿದಳು. “ಬ್ಯಾಡತ್ತಿ. ಹೇಳಬ್ಯಾಡ.”

“ಹೇಳದಿದ್ರ ಎಲ್ಲಿ ಕಟ್ತೀಯೇ? ನಿನ್ನ ತಲಿ ಮ್ಯಾಲೆ ಕಟ್ತೀಯೇನು?”

ಹನುಮವ್ವ ಗಂಟು ಬಿಚ್ಚಿ ಹಳ್ಳುಗಳನ್ನು ಮೇಜಿನ ಮೇಲೆ ಸುರಿದಳು. ಒಂದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, “ಒಂದು” ಎಂದಳು. ನೀರು ಕುಡಿದಳು. “ಎರಡು.” ನಾಲ್ಕನೆಯದಕ್ಕೆ ಸೊಸೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಹನುಮವ್ವ ನಿಲ್ಲಿಸಲಿಲ್ಲ. ಪ್ರತಿ ಕಲ್ಲಿಗೂ ಒಂದು ಕ್ಷಣ ತಡೆದು, ಅದು ಯಾವ ದನ ಎಂದು ಮನಸ್ಸಿನಲ್ಲೇ ನೋಡಿ, ಸಂಖ್ಯೆ ಹೇಳಿ, ಸರಿಸಿದಳು. ಎಪ್ಪತ್ತು ವರ್ಷ ಬಾಯಿಂದ ಹೊರಡದ್ದು ಆ ಮೇಜಿನ ಮುಂದೆ ಹೊರಟಿತು. ಕೊನೆಯ ಸಂಖ್ಯೆ ಹೇಳಿ, “ಇಷ್ಟು. ಬರಕೋರಿ” ಎಂದಳು.

ನಾನು ಡೈರಿಯಲ್ಲಿ ಬರೆದುಕೊಂಡೆ. ಸಾಹೇಬರು ಬರೆದುಕೊಳ್ಳಲಿಲ್ಲ.

ಅವರು ಹೇಳಿದ್ದನ್ನು ಹಾಗೆಯೇ ಕೊಡುತ್ತೇನೆ. ಕಲ್ಲು ಎಣಿಸಿದರೆ ದನ ಎಣಿಸಿದಂತಾಗುವುದಿಲ್ಲ. ದನ ಇದ್ದರೂ ಅವು ಇಂದಿನವು. ಸಮೀಕ್ಷೆಯ ದಿನ ಇರಲಿಲ್ಲ ಎಂದು ದಾಖಲೆ ಹೇಳುತ್ತದೆ. ಯೋಜನೆಯ ಸುದ್ದಿ ಕೇಳಿ ಎಲ್ಲಿಂದಲೋ ಹೊಡೆದುಕೊಂಡು ಬಂದು ಕಟ್ಟಿರಬಹುದು.

ನಾನು ಎದ್ದು ನಿಂತೆ. “ಸರ್, ಆ ಹಳ್ಳು ಒಂದು ಕೈಗೆ ತಗೊಂಡು ನೋಡಿ. ಹೊಳೆಯಲ್ಲಿ ಬಿದ್ದ ಕಲ್ಲು ಹೀಗಿರೋದಿಲ್ಲ. ದಿನಕ್ಕೆ ಎರಡು ಸಲ, ಎಷ್ಟೋ ವರ್ಷ, ಕೈಯಲ್ಲಿ ಆಡಿ ಎಣ್ಣೆಗಪ್ಪು ಹಿಡಿದಿದೆ. ಮೂರು ವರ್ಷಕ್ಕೆ ಹೀಗೆ ಸವೆಯುತ್ತಾ?”

ಅವರು ಕೈಗೆ ತೆಗೆದುಕೊಳ್ಳಲಿಲ್ಲ. “ಸುಳ್ಳು ನಮೂದು ಕೊಟ್ಟೆ ಅಂತ ನೀವೇ ಒಪ್ಪಿಕೊಂಡರೆ ವಿಚಾರಣೆ ನಿಮ್ಮ ಮೇಲೆ ಆಗುತ್ತದಮ್ಮ, ನಕ್ಷೆಯ ಮೇಲಲ್ಲ” ಎಂದರು. ಅದೂ ನಯವಾಗಿಯೇ.

ಆಗಲಿ ಎಂದು ಬರೆದುಕೊಟ್ಟೆ. ವಿಚಾರಣೆಯೂ ಆಯಿತು, ಎರಡು ವರ್ಷದ ವೇತನ ಬಡ್ತಿಯೂ ಹೋಯಿತು. ನಕ್ಷೆಯ ಒಂದು ಗೆರೆಯೂ ಅಲುಗಲಿಲ್ಲ. ನಮೂದು ಸುಳ್ಳೆಂದು ನನ್ನನ್ನು ಶಿಕ್ಷಿಸಿದ ಕಚೇರಿಯೇ, ಆ ನಮೂದು ನಿಜವೆಂದು ದೊಡ್ಡಿ ಕೆಡವಿತು. ಎರಡೂ ಆದೇಶಗಳ ಕೆಳಗೆ ಒಂದೇ ಸಹಿ. ಕೆಲಸಕ್ಕೆ ಸೇರುತ್ತಿರುವ ತಂಗಿಯರೇ, ಪ್ರತಿಗಳು ನನ್ನ ಬಳಿ ಇವೆ. ಬಂದು ಓದಿ. ‘ಗೊತ್ತಿಲ್ಲ’ ಎಂದು ಬರೆಯಲು ಜಾಗವಿಲ್ಲದ ನಮೂನೆಗೆ ಸಹಿ ಹಾಕಬೇಡಿ. ಪುಟ ತೆರೆಯದಿದ್ದರೆ ಮುಚ್ಚಿಯೇ ಇರಲಿ. ಮರುದಿನ ಹೋಗಿ, ಸಂಜೆ ಹೋಗಿ. ಬೈಸಿಕೊಳ್ಳಿ. ಬೈಗುಳ ಮಾತ್ರ ಹೊತ್ತು ಮನೆಗೆ ಬಂದವರು ನಿದ್ದೆ ಮಾಡುತ್ತಾರೆ.

ಜೆಸಿಬಿ ಬಂದದ್ದು ಸೋಮವಾರ. ಬೆಳಿಗ್ಗೆ ಎಂಟಕ್ಕೆ ಶುರು, ಮಧ್ಯಾಹ್ನ ಎರಡೂವರೆಗೆ ಮುಕ್ತಾಯ. ಗೋಡೆಯ ಕಲ್ಲು ಇಪ್ಪತ್ಮೂರು ಟ್ರ್ಯಾಕ್ಟರ್ ಆಯಿತು. ಗ್ವಾದಲಿಗಳಲ್ಲಿ ಒಡೆಯದೆ ಉಳಿದವು ಒಂಬತ್ತು. ಹೂಕುಂಡಗಳಾಗಿ ಮುಂದಿನ ಅಂಗಳಕ್ಕೆ ಹೋದವು. ಖಾಸಿಂ ಅಂದು ರಜೆ ಹಾಕಿ ಮನೆಯಲ್ಲೇ ಉಳಿದ. ನಾನು ನಿಂತು ನೋಡಿದೆ. ನೋಡಲೇಬೇಕಿತ್ತು.

ಸಂಜೆ ದನಗಳು ಬಂದವು. ಹೊಳೆದಂಡೆಗೆ ಮುಳ್ಳಿನ ಬೇಲಿ ಹಾಕಿ ಹನುಮವ್ವನ ಮಗ ಬೇರೆ ಜಾಗ ಮಾಡಿದ್ದ. ಆದರೆ ಮುಂದಿನ ಹಸು ದಿನದ ದಾರಿ ಬಿಡಲಿಲ್ಲ. ನೆಲ ಸಮತಟ್ಟಾಗಿತ್ತು, ಹತ್ತು ಸಾಲಾಗಿ ಬರಬಹುದಿತ್ತು. ಸಂದಿ ಇದ್ದ ಕಡೆಗೆ ಬಂದು ಅವು ತಾವಾಗಿಯೇ ಒಂದರ ಹಿಂದೆ ಒಂದಾದವು. ಇಲ್ಲದ ಗೋಡೆಗಳ ನಡುವೆ ಪಕ್ಕೆ ಬಿಗಿಹಿಡಿದು, ಒಂದೊಂದಾಗಿ ಹಾದವು. ಹನುಮವ್ವ ಬಯಲಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕುಡಿಕೆಗಳನ್ನು ಮುಂದಿಟ್ಟುಕೊಂಡು ಹಳ್ಳು ಹಾಕುತ್ತಿದ್ದಳು. ಕೊನೆಯದು ದಾಟಿತು. ಒಂದು ಹಳ್ಳೂ ಉಳಿಯಲಿಲ್ಲ.

ನಾನು ಹತ್ತಿರ ಹೋಗಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ.

“ಅವತ್ತು ನೀ ಬರಕೊಂಡಿ ಅಲ್ಲ?”

“ಹೂಂನಬೇ.”

“ಅವರು ಬರಕೊಳ್ಳಲಿ ಅಂತ ಹೇಳಿದ್ದೆ. ಅವರು ಬರಕೊಳ್ಳಲಿಲ್ಲ. ಇನ್ನ ನಿನ್ನ ಹತ್ರ ಯಾಕ ಇರಬೇಕದು? ತಗಿ, ಹೊಡದುಹಾಕು.”

ಡೈರಿ ಚೀಲದಲ್ಲೇ ಇತ್ತು. ಪುಟ ತೆರೆದು ಒಂದು ಗೆರೆ ಎಳೆದೆ. ಅವಳಿಗೆ ಓದಲು ಬಾರದು. ಬಾಗಿ ನೋಡಿದಳು.

“ಇನ್ನೂ ಕಾಣ್ತದ.”

ಇನ್ನೊಂದು ಗೆರೆ ಎಳೆದೆ.

“ಕಾಣ್ತದ, ತಂಗಿ.”

ಪೆನ್ನು ಒತ್ತಿ ತಿಕ್ಕುತ್ತ ಹೋದೆ. ಕಪ್ಪಾಯಿತು, ಕಾಗದ ತೆಳುವಾಯಿತು, ಹರಿಯಿತು. ಅವಳು ಆ ತೂತಿನಲ್ಲಿ ಬೆರಳು ಇಟ್ಟು ನೋಡಿ, ಕುಡಿಕೆ ಎತ್ತಿಕೊಂಡು ದನಗಳ ಹಿಂದೆ ಹೋದಳು. ಇಪ್ಪತ್ತು ಡೈರಿಗಳಲ್ಲಿ ನಾನು ಹೊಡೆದುಹಾಕಿದ ಸಾಲು ಅದೊಂದೇ. ಎಷ್ಟಿದ್ದವು ಎಂದು ನನ್ನನ್ನು ಯಾರೂ ಕೇಳಬೇಡಿ.